ಧರ್ಮದ ದಟ್ಟಿಗೆ ಮೊಳ ಹಾಕೋಣ

ಹಳ್ಳಿ ಶಾಲೆ ಅಂದರೆ ಬೆಂಗಳೂರಿನ ಅಟ್ಟ ಅಂತ ತೀರ್ಮಾನ ಮಾಡಿದ್ದು ಯಾರು? ಬಿಸಾಕಲು ಮನಸ್ಸು ಬಾರದ, ಇಟ್ಟುಕೊಳ್ಳಲು ಜಾಗವೂ ಇಲ್ಲದ ಸಾಮಾನನ್ನು ನಾವು ಮನೆಯಲ್ಲಿ ಅಟ್ಟಕ್ಕೆ ಏರಿಸ್ತೀವಿ. ಕಾಲು ಮುರಿದ ಕುರ್ಚಿ, ತಿರುಗದ ಮಿಕ್ಸಿ, ಹಳೇ ತೊಟ್ಟಿಲು. ಆಫೀಸುಗಳಿಗೂ ಇಂಥದ್ದೊಂದು ಅಟ್ಟ ಬೇಕಲ್ಲ, ಅದು ನಾನೂರು ಕಿಲೋಮೀಟರ್ ದೂರದಲ್ಲಿದೆ. ಅದರ ಗೋಡೆ ಮೇಲೆ ಕರ್ನಾಟಕದ ನಕಾಶೆ ಬರೆದಿರುತ್ತೆ, ಮುಂದೊಂದು ಧ್ವಜದ ಕಟ್ಟೆ ಇರುತ್ತೆ.

ಈಗಂತೂ ಅಟ್ಟ ತುಂಬುವ ಸೀಸನ್ನು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ನಿಲ್ಲಿಸಿತು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಅದಕ್ಕಿಂತ ಹಿಂದಿನ ಲ್ಯಾಪ್‌ಟಾಪುಗಳು ಕುದುರೆಯಂತೆ ಓಡುತ್ತಿದ್ದರೂ ಕಂಪನಿಯ ಐಟಿ ವಿಭಾಗದ ಲೆಕ್ಕದಲ್ಲಿ ಸತ್ತಂತೆ. ಹಾಗಾಗಿ ಇನ್‌ಬಾಕ್ಸಿಗೆ ಮೇಲ್ ಬರುತ್ತದೆ. ನಿಮ್ಮ ಒಂದು ಲ್ಯಾಪ್‌ಟಾಪ್, ಒಂದು ಮಗುವಿನ ಭವಿಷ್ಯ. ಕೆಳಗೆ ಹಲ್ಲು ಕಿರಿದು ನಗುವ ಮಗುವಿನ ಫೋಟೋ. ವಾಲಂಟಿಯರ್ ಆಗುವವರು ಹೆಸರು ಕೊಡಿ, ಶನಿವಾರ ಪ್ಯಾಕಿಂಗ್, ಮುಂದಿನ ವಾರ ‘ರಾಯಚೂರು ಟ್ರಿಪ್’.

ನಾನು ಆ ಟ್ರಿಪ್ಪಿನ ಆ ಕಡೆಯ ತುದಿಯವನು. ಸಿಂಧನೂರು ತಾಲೂಕಿನ ಜವಳಗೇರಾ. ಸಿಂಧನೂರಿನಿಂದ ರಾಯಚೂರಿಗೆ ಹೋಗುವ ಬಸ್ಸು ಹತ್ತಿದರೆ ಪೋತ್ನಾಳಕ್ಕೂ ಮೊದಲೇ ಸಿಗುತ್ತೆ. ಕೇಂದ್ರ ಸರ್ಕಾರದ ಬೀಜದ ಫಾರ್ಮ್ ಇರೋದರಿಂದ ಕೃಷಿ ಓದಿದವರಿಗೆ ಹೆಸರು ಗೊತ್ತಿರಬಹುದು. ತುಂಗಭದ್ರಾ ಎಡದಂಡೆ ಕಾಲುವೆ, ಭತ್ತ, ಎರೆಮಣ್ಣು, ಊರಿಗೊಂದರಂತೆ ಕ್ಯಾಂಪು, ಏಪ್ರಿಲ್ ಬಂತೆಂದರೆ ಸಗಡಿ ಕಾದಂತೆ ಬಿಸಿಲು. ಕನ್ನಡ ಮಾಧ್ಯಮದಲ್ಲಿ ಓದಿ, ಬಿಇ ಮುಗಿಸಿ, ಈಗ ಹದಿಮೂರು ವರ್ಷದಿಂದ ಬೆಂಗಳೂರಿನಲ್ಲಿ ಕೋಡ್ ಬರೀತಿದೀನಿ. ಹೀಗಾಗಿ ಎರಡೂ ಕಡೆಯವರಿಗೆ ನಾನು ದುಭಾಷಿ. ಕಂಪನಿಯವರಿಗೆ ‘ನಮ್ಮ ರಾಯಚೂರ್ ಗೈ’, ಊರಿನ ಮಾಸ್ತರ್ರಿಗೆ ‘ಬೆಂಗಳೂರಾಗ ಇರೋ ನಮ್ಮ ಹುಡುಗ’.

ಆ ಸಲುಗೆಯಿಂದಲೇ ಹೇಳ್ತೀನಿ. ನಿಮ್ಮ ಹಳೇ ಲ್ಯಾಪ್‌ಟಾಪ್ ನಮ್ಮೂರಿಗೆ ಬೇಡ. ಈಗ ಕಳಿಸ್ತಿರೋ ರೀತಿಯಲ್ಲಿ ಖಂಡಿತ ಬೇಡ.

ಹೋದ ವರ್ಷ ನಮ್ಮ ಕಡೆಯ ಒಂದು ಹೈಸ್ಕೂಲಿಗೆ ನಲವತ್ತು ಲ್ಯಾಪ್‌ಟಾಪ್ ಬಂದವು. ಶಾಲೆಯ ಹೆಸರೂ ಬೇಡ, ಕೊಟ್ಟವರ ಹೆಸರೂ ಬೇಡ, ಯಾಕಂದ್ರೆ ಇದು ಒಂದು ಶಾಲೆಯ, ಒಂದು ತಂಡದ ಕಥೆಯಲ್ಲ. ಹನ್ನೆರಡು ಜನ ವಾಲಂಟಿಯರ್‌ಗಳು, ಒಂದೇ ಬಣ್ಣದ ಟೀ ಶರ್ಟು, ಫ್ಲೆಕ್ಸು, ಮಕ್ಕಳ ಕೈಗೆ ಚಾಕಲೇಟು. ಒಳ್ಳೆ ಹುಡುಗ ಹುಡುಗಿಯರೇ. ರಜೆ ಹಾಕಿ ಬಂದಿದ್ದರು, ಬಿಸಿಲಿನಲ್ಲಿ ಪೆಟ್ಟಿಗೆ ಹೊತ್ತರು, ಒಬ್ಬಳು ಮಕ್ಕಳ ಜೊತೆ ಕಬಡ್ಡಿ ಆಡಿ ಮೊಣಕಾಲು ಕೆತ್ತಿಸಿಕೊಂಡಳು. ಅವರ ಮನಸ್ಸಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಪೆಟ್ಟಿಗೆಯ ಒಳಗಿದ್ದದ್ದರ ಬಗ್ಗೆ. ನಲವತ್ತು ಲ್ಯಾಪ್‌ಟಾಪಿಗೆ ಚಾರ್ಜರ್ ಮೂವತ್ತೊಂದು. ಅದರಲ್ಲೂ ಮೂರು ತರದ ಪಿನ್ನು. ಬ್ಯಾಟರಿ ಅರ್ಧ ಗಂಟೆ ಬಂದರೆ ಪುಣ್ಯ. ಅವರು ಹೋದ ನಾಲ್ಕನೇ ದಿನ ಹೆಡ್‌ಮಾಸ್ತರ್ರ ಫೋನು: “ತಮ್ಮಾ, ಇದರಾಗ ಒಂಬತ್ತು ಮಷೀನು ಚಾಲೂನೇ ಆಗವಲ್ವು. ನೀಲಿ ಪರದೆ ಬಂದು ನಲವತ್ತೆಂಟು ನಂಬರ್ ಹೊಡಿ ಅಂತಾವ. ಯಾವ ನಂಬರಪ್ಪಾ ಅದು? ಆಧಾರ್ ಹೊಡೆದು ನೋಡಿದ್ವಿ.”

ಬಿಟ್‌ಲಾಕರ್ ರಿಕವರಿ ಕೀ! ಕಂಪನಿಯವರು ಡಿಸ್ಕ್ ಅಳಿಸದೆ ಬೀಗ ಹಾಕಿದ ಪೆಟ್ಟಿಗೆಯನ್ನೇ ದಾನ ಮಾಡಿದ್ದರು. ಕೀ ಕೊಡಿ ಅಂತ ಮೇಲ್ ಮಾಡಿದರೆ, ಆ ಯಂತ್ರಗಳು ಈಗ ಕಂಪನಿಯ ಆಸ್ತಿ ಪಟ್ಟಿಯಲ್ಲಿಲ್ಲ, ಆದ್ದರಿಂದ ಟಿಕೆಟ್ ತೆಗೆಯಲು ಬರುವುದಿಲ್ಲ ಅಂತ ಉತ್ತರ ಬಂತು. ಏಳು ತಿಂಗಳಿಗೆ ಓಡುತ್ತಿದ್ದವು ಆರು. ಉಳಿದವನ್ನು ಬಿಸಿಯೂಟದ ಅಕ್ಕಿ ಮೂಟೆಯ ಪಕ್ಕದ ಕೋಣೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ. ಅಕ್ಕಿಗೆ ಬಂದ ಇಲಿಗಳು ವೈರನ್ನೂ ರುಚಿ ನೋಡಿವೆ.

ಬಿಸಾಕಿಬಿಡಬಹುದಲ್ಲ ಅಂತೀರಾ? ಸರ್ಕಾರಿ ಶಾಲೆಯಲ್ಲಿ ಒಂದು ಸಾಮಾನು ಸ್ಟಾಕ್ ರಿಜಿಸ್ಟರ್‌ಗೆ ಏರಿತೆಂದರೆ ಇಳಿಸೋದು ಸುಲಭದ ಮಾತಲ್ಲ. ಮೇಲಿನವರ ಅನುಮತಿ ಬೇಕು, ಪರಿಶೀಲನೆ ಆಗಬೇಕು, ಹೆಡ್‌ಮಾಸ್ತರ್ರಿಗೆ ವರ್ಗ ಆದರೆ ಮುಂದಿನವರಿಗೆ ಎಣಿಸಿ ಚಾರ್ಜ್ ಕೊಡಬೇಕು. ಒಂದು ಕಡಿಮೆ ಬಂದರೆ ಮಾಸ್ತರ್ರ ಕುತ್ತಿಗೆಗೆ. ಓಡದ ಲ್ಯಾಪ್‌ಟಾಪನ್ನು ಕೀಲಿ ಹಾಕಿ ಕಾಯಬೇಕು, ಓಡುವುದನ್ನು ಮಕ್ಕಳ ಕೈಗೆ ಕೊಡಲು ಹೆದರಬೇಕು. ನೀವು ದಾನ ಮಾಡಿದ್ದು ಕಂಪ್ಯೂಟರನ್ನಲ್ಲ ಸ್ವಾಮಿ, ಕಾವಲು ಕೆಲಸವನ್ನು.

ನಮ್ಮಲ್ಲೊಂದು ಗಾದೆ ಇದೆ: ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ. ಪುಕ್ಕಟೆ ಸಿಕ್ಕಿದ್ದನ್ನು ಅಳೆದು ನೋಡುವ ಆ ಹೆಂಗಸನ್ನು ಶತಮಾನಗಳಿಂದ ಹಂಗಿಸುತ್ತಾ ಬಂದಿದ್ದೇವೆ. ನನಗೆ ಈಗ ಆಕೆಯೇ ಸರಿ ಅನಿಸ್ತಾಳೆ. ಉಡೋದು ಆಕೆ, ಮೊಳ ಕಡಿಮೆ ಬಿದ್ದರೆ ಮಾನ ಹೋಗೋದು ಆಕೆಯದು. ಕೊಟ್ಟವನು ಅಳೆಯಲಿಲ್ಲ ಅಂದಮೇಲೆ ಪಡೆದವಳು ಅಳೆಯದೆ ಏನು ಮಾಡಬೇಕು? ಅದೂ ಹಿತ್ತಲಿಗೆ ಹೋಗಿ, ಯಾರಿಗೂ ಕಾಣದಂತೆ. ನಮ್ಮ ಹೆಡ್‌ಮಾಸ್ತರ್ರೂ ಹಾಗೇ, ಫ್ಲೆಕ್ಸ್ ಮುಂದೆ ನಿಂತು ಶಾಲು ಹೊದಿಸಿ, ರಾತ್ರಿ ನನಗೆ ಫೋನ್ ಮಾಡಿದರು.

ಇದು ಹೊಸ ಚಾಳಿಯೇನಲ್ಲ. 1999ರಲ್ಲಿ ಇನ್ಫೋಸಿಸ್ ಮೈಕ್ರೋಸಾಫ್ಟ್ ಜೊತೆ ಸೇರಿ ತನ್ನ ಹಳೇ ಕಂಪ್ಯೂಟರುಗಳನ್ನು ಶಾಲೆಗಳಿಗೆ ಕೊಡುವ ‘ಕಂಪ್ಯೂಟರ್ಸ್ ಅಟ್ ಕ್ಲಾಸ್‌ರೂಮ್ಸ್’ ಶುರು ಮಾಡಿತ್ತು. ಆ ಕಾಲಕ್ಕೆ ಅದು ದೊಡ್ಡ ಸಂಗತಿ, ಒಂದು ಪಿಸಿ ಅಂದರೆ ಮಾಸ್ತರ್ರ ಹಲವು ತಿಂಗಳ ಸಂಬಳ. ಸರ್ಕಾರದ ನಿಯಮವೂ ಇದಕ್ಕೆ ಅನುಕೂಲವಾಗಿದೆ. ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆಯ ಘಟಕಗಳು ಸುಂಕ ಕಟ್ಟದೆ ತರಿಸಿಕೊಂಡ ಕಂಪ್ಯೂಟರುಗಳನ್ನು ಎರಡು ವರ್ಷ ಬಳಸಿದ ಮೇಲೆ ಮಾನ್ಯತೆ ಪಡೆದ ಶಾಲೆ, ಗ್ರಂಥಾಲಯಗಳಿಗೆ ಸುಂಕವಿಲ್ಲದೆ ದಾನ ಕೊಡಬಹುದು. ಮಾರಲು ಹೋದರೆ ಸುಂಕದ ತಲೆನೋವು, ದಾನ ಕೊಟ್ಟರೆ ಇಲ್ಲ. ನಿಯಮ ಮಾಡಿದವರ ಉದ್ದೇಶ ಒಳ್ಳೆಯದೇ. ಆದರೆ ‘ತ್ಯಾಗ’ ಅನ್ನೋ ಪದ ಬಳಸುವ ಮುಂಚೆ ಈ ಲೆಕ್ಕ ಗೊತ್ತಿರಲಿ.

ಇನ್ನೊಂದು ಲೆಕ್ಕ ಕಸದ್ದು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಸಾವಿರ ಅಥವಾ ಹೆಚ್ಚು ಉಪಕರಣ ಬಳಸುವ ಸಂಸ್ಥೆ ‘ದೊಡ್ಡ ಬಳಕೆದಾರ’. ಅದರ ಇ-ತ್ಯಾಜ್ಯ ನೋಂದಾಯಿತ ರೀಸೈಕ್ಲರ್ ಅಥವಾ ರಿಫರ್ಬಿಶರ್ ಕೈಗೇ ಹೋಗಬೇಕು. ದಾಬಸ್‌ಪೇಟೆಯಲ್ಲಿ ಇ-ಪರಿಸರ ಘಟಕ ಶುರುವಾಗಿ ಇಪ್ಪತ್ತು ವರ್ಷವಾಯ್ತು, ಬೆಂಗಳೂರಿಗೆ ದಾರಿ ಗೊತ್ತಿಲ್ಲ ಅಂತಲ್ಲ. ಆದರೆ ಅದೇ ಸಾಮಾನು ‘ದಾನ’ ಅನ್ನೋ ಸ್ಟಿಕ್ಕರ್ ಹಚ್ಚಿಕೊಂಡು ಸಿಂಧನೂರಿಗೆ ಬಂದರೆ ಕೊನೆಗೆ ಎಲ್ಲಿಗೆ ಹೋಗುತ್ತೆ? ಶಾಲೆಗೆ ಸಾವಿರ ಉಪಕರಣವಿಲ್ಲ, ಅದು ದೊಡ್ಡ ಬಳಕೆದಾರ ಅಲ್ಲ, ಅದರ ಬಾಗಿಲಿಗೆ ರೀಸೈಕ್ಲರ್ ಗಾಡಿ ಬರಲ್ಲ. ಬರೋನು ತಳ್ಳುಗಾಡಿಯ ಗುಜರಿಯವನು. ತಾಮ್ರಕ್ಕಾಗಿ ವೈರು ಸುಡುತ್ತಾನೆ, ಉಬ್ಬಿದ ಬ್ಯಾಟರಿಯನ್ನು ಕಾಲುವೆ ದಂಡೆಗೆ ಒಗೀತಾನೆ. ಅದೇ ಕಾಲುವೆ ನೀರಿನ ಸೋನಾ ಮಸೂರಿಯನ್ನೇ ನೀವು ಬಿಗ್ ಬಾಸ್ಕೆಟ್‌ನಲ್ಲಿ ತರಿಸ್ಕೊಳ್ಳೋದು.

ಜಗತ್ತಿಗೆ ಇದು ಹಳೇ ಪಾಠ. ಬಾಸೆಲ್ ಆಕ್ಷನ್ ನೆಟ್‌ವರ್ಕ್ ಅನ್ನೋ ಸಂಸ್ಥೆ 2005ರಲ್ಲಿ ನೈಜೀರಿಯಾದ ಲಾಗೋಸ್ ಬಂದರಿನ ವರದಿ ಹೊರತಂದಿತು. ಶ್ರೀಮಂತ ದೇಶಗಳಿಂದ ತಿಂಗಳಿಗೆ ಸುಮಾರು 500 ಕಂಟೇನರ್ ಹಳೇ ಎಲೆಕ್ಟ್ರಾನಿಕ್ ಸಾಮಾನು ಬರುತ್ತಿತ್ತು, ಮುಕ್ಕಾಲು ಪಾಲು ರಿಪೇರಿಗೂ ಬಾರದ್ದು ಅಂತ ಅಲ್ಲಿನ ವ್ಯಾಪಾರಿಗಳೇ ಹೇಳಿದ್ದರು. ಎಲ್ಲಾ ‘ಮರುಬಳಕೆ’, ‘ಡಿಜಿಟಲ್ ಕಂದಕ ಮುಚ್ಚುವುದು’ ಅನ್ನೋ ಹೆಸರಿನಲ್ಲೇ. ಅಮೆರಿಕದ ಕಸ ನಮ್ಮ ಬಂದರಿಗೆ ಬಂದರೆ ನಾವು ಪೋಸ್ಟ್ ಹಾಕಿ ಉರಿದುಬೀಳ್ತೀವಿ. ಬೆಳ್ಳಂದೂರಿನದ್ದು ಸಿಂಧನೂರಿಗೆ ಬಂದರೆ ಕೇಕ್ ಕತ್ತರಿಸ್ತೀವಿ.

ಈಗ ನೀವು ಹೇಳೋ ಮಾತು ನನಗೆ ಗೊತ್ತು, ಕ್ಯಾಂಟೀನಿನಲ್ಲಿ ನೂರು ಸಲ ಕೇಳಿದೀನಿ. ‘ಏನೂ ಇಲ್ಲದ್ದಕ್ಕಿಂತ ಏನೋ ಒಂದು ಇರೋದು ವಾಸಿ ಅಲ್ವಾ ಮಗಾ?’ ಅಲ್ಲ. ಏನೂ ಇಲ್ಲದ ಶಾಲೆ ಏನೂ ಇಲ್ಲ ಅಂತ ಬರೆದುಕೊಡಬಹುದು. ಯುಡೈಸ್ ಫಾರ್ಮಿನಲ್ಲಿ ಕಂಪ್ಯೂಟರ್ ಎಷ್ಟು, ಚಾಲ್ತಿಯಲ್ಲಿರೋದು ಎಷ್ಟು ಅಂತ ಕೇಳ್ತಾರೆ. 2023-24ರ ಯುಡೈಸ್ ಪ್ರಕಾರ ದೇಶದ 57.2 ಶೇಕಡಾ ಶಾಲೆಗಳಲ್ಲಿ ಮಾತ್ರ ಚಾಲ್ತಿಯ ಕಂಪ್ಯೂಟರ್ ಇದೆ. ಬಟನ್ ಒತ್ತಿದರೆ ದೀಪ ಹತ್ತೋದೂ ಚಾಲ್ತಿಯೇ, ಮಗು ಕೂತು ಟೈಪ್ ಮಾಡೋದೂ ಚಾಲ್ತಿಯೇ. ನಲವತ್ತು ಲ್ಯಾಪ್‌ಟಾಪ್ ಇಟ್ಟುಕೊಂಡ ಹೆಡ್‌ಮಾಸ್ತರ್ರು ‘ನಮಗೆ ಲ್ಯಾಬ್ ಕೊಡಿ’ ಅಂತ ಬಿಇಒ ಆಫೀಸಿಗೆ ಯಾವ ಮುಖ ಇಟ್ಟುಕೊಂಡು ಹೋಗ್ಬೇಕು?

ಇದರಲ್ಲಿ ನಿಜವಾಗಿ ಕಳೆದುಕೊಳ್ಳೋರು ಯಾರು ಅಂತ ಒಂದು ಕ್ಷಣ ನೋಡಿ. ಬ್ಯಾಂಕಿನ ಐಬಿಪಿಎಸ್, ರೈಲ್ವೆ, ಎಸ್‌ಎಸ್‌ಸಿ, ಜೆಇಇ ಮೇನ್, ಎಲ್ಲಾ ಪರೀಕ್ಷೆಯೂ ಈಗ ಕಂಪ್ಯೂಟರ್ ಮುಂದೆ. ನಮ್ಮ ಕಡೆಯ ಹುಡುಗಿಯೊಬ್ಬಳು, ಡಿಗ್ರಿಯಲ್ಲಿ ಕಾಲೇಜಿಗೆ ಮೊದಲು, ಬ್ಯಾಂಕ್ ಪರೀಕ್ಷೆಗೆ ಕೂತಾಗ ಜೀವನದಲ್ಲಿ ಮೂರನೇ ಸಲ ಮೌಸ್ ಹಿಡಿದಿದ್ದಳು. ಉತ್ತರ ಗೊತ್ತಿತ್ತು, ಬಾಣ ಉತ್ತರದ ಮೇಲೆ ನಿಲ್ಲುತ್ತಿರಲಿಲ್ಲ ಅಂತ ಹೇಳಿದಳು. 371(ಜೆ) ಬಂತು, ಕಲ್ಯಾಣ ಕರ್ನಾಟಕ ಅಂತ 2019ರಲ್ಲಿ ಹೆಸರೂ ಬದಲಾಯ್ತು, ರಾಯಚೂರು ಮಹತ್ವಾಕಾಂಕ್ಷಿ ಜಿಲ್ಲೆಯೂ ಆಯ್ತು. ಆ ಬಾಣ ನಿಲ್ಲಿಸೋಕೆ ಬೇಕಿದ್ದದ್ದು ವಾರಕ್ಕೆರಡು ತಾಸು, ಎರಡು ವರ್ಷ, ಓಡುವ ಒಂದು ಯಂತ್ರದ ಮುಂದೆ ಕೂರುವ ಅವಕಾಶ. ಸಾಧ್ಯವಾದ ಸಂಗತಿ ಇದು, ಅದಕ್ಕೇ ಸಿಟ್ಟು ಬರೋದು.

ಸಾಧ್ಯ ಅಂತ ಯಾಕೆ ಹೇಳ್ತೀನಿ ಅಂದ್ರೆ ಪಕ್ಕದ ರಾಜ್ಯ ಮಾಡಿ ತೋರಿಸಿದೆ. ಕೇರಳದ ಐಟಿ ಅಟ್ ಸ್ಕೂಲ್ 2001ರಲ್ಲಿ ಶುರುವಾಯ್ತು. ಅವರು ಮೊದಲು ಕೈ ಹಾಕಿದ್ದು ಪೆಟ್ಟಿಗೆಗಲ್ಲ, ಮಾಸ್ತರ್ರಿಗೆ. ಶಾಲೆಯ ಶಿಕ್ಷಕರನ್ನೇ ತರಬೇತಿ ಕೊಟ್ಟು ಮಾಸ್ಟರ್ ಟ್ರೇನರ್ ಮಾಡಿದರು, ಲೈಸೆನ್ಸ್ ಗೋಜಿಲ್ಲದ ಮುಕ್ತ ತಂತ್ರಾಂಶ ಹಾಕಿದರು, 2018ರಲ್ಲಿ ‘ಲಿಟಲ್ ಕೈಟ್ಸ್’ ಅಂತ ಮಕ್ಕಳದೇ ಕ್ಲಬ್ಬು ಕಟ್ಟಿ ಹಾರ್ಡ್‌ವೇರ್ ಕೆಲಸವನ್ನೂ ಕಲಿಸಿದರು. ನಾವು ಅದೇ ಹೊತ್ತಿಗೆ ‘ಮಾಹಿತಿ ಸಿಂಧು’ ಅಂತ ಹೊರಗಿನ ಕಂಪನಿಗಳಿಗೆ ಗುತ್ತಿಗೆ ಕೊಟ್ಟೆವು. ಗುತ್ತಿಗೆಯವನೇ ಯಂತ್ರ ತರ್ತಾನೆ, ಗುತ್ತಿಗೆಯವನೇ ಕಂಪ್ಯೂಟರ್ ಮಾಸ್ತರ್‌ನನ್ನು ಇಡ್ತಾನೆ. ಅವಧಿ ಮುಗಿದ ದಿನ ಮಾಸ್ತರ್ ಹೋದ, ಯಂತ್ರ ಉಳೀತು. ಆ ಕಂಪ್ಯೂಟರ್ ಕೋಣೆಗೆ ನಾವು ಚಪ್ಪಲಿ ಬಿಚ್ಚಿ, ಕೈ ತೊಳೆದು ಹೋಗ್ತಿದ್ವಿ, ಗುಡಿಗೆ ಹೋದಂತೆ. ದರ್ಶನ ಆಗ್ತಿತ್ತು, ಪ್ರಸಾದ ಸಿಗ್ತಿರಲಿಲ್ಲ. ಆಮೇಲೆ 2011ರಿಂದ ಇಲಾಖೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಜೊತೆ ಸೇರಿ ವಿಷಯ ಶಿಕ್ಷಕರ ವೇದಿಕೆ ಮಾಡಿದಾಗ, ಗಣಿತದ ಮಾಸ್ತರ್ರು ಜಿಯೋಜೀಬ್ರಾದಲ್ಲಿ ತ್ರಿಕೋನ ಎಳೆದು ತೋರಿಸೋದು ಕಲಿತರು. ಅಂಥ ಒಬ್ಬ ಮಾಸ್ತರ್ ಇರುವ ಶಾಲೆಗೆ ಒಂದೇ ಒಂದು ಹಳೇ ಡೆಸ್ಕ್‌ಟಾಪ್ ಕೊಟ್ಟರೂ ಅದು ಸಾಯಲ್ಲ.

ಹಳೇ ಯಂತ್ರವೇ ಕೆಟ್ಟದ್ದು ಅಂತಲೂ ನಾನು ಹೇಳ್ತಿಲ್ಲ. ಬೆಂಗಳೂರಿನ ಸುದರ್ಶನ ಲೇಔಟ್ ಅನ್ನೋ ಸ್ಲಮ್ಮಿನಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಹುಡುಗರು ಅಂಬೇಡ್ಕರ್ ಹೆಸರಿನ ಕಂಪ್ಯೂಟರ್ ಕೇಂದ್ರ ನಡೆಸಿದರು. ಅಲ್ಲಿದ್ದದ್ದೂ ಯಾರೋ ಕೊಟ್ಟ ಹಳೇ ಪಿಸಿಗಳೇ, ಮೇಲೆ ಗ್ನೂ ಲಿನಕ್ಸ್. ವ್ಯತ್ಯಾಸ ಇಷ್ಟೇ, ಕೊಟ್ಟವರು ಮತ್ತೆ ಮುಂದಿನ ವಾರವೂ ಬಂದರು, ಅದರ ಮುಂದಿನ ವಾರವೂ ಬಂದರು. ಲಂಡನ್ನಿನ ಕಂಪ್ಯೂಟರ್ ಏಯ್ಡ್ ಇಂಟರ್‌ನ್ಯಾಷನಲ್ ಸಂಸ್ಥೆ ಆಫ್ರಿಕಾದ ಶಾಲೆಗಳಿಗೆ ಹಳೇ ಕಂಪ್ಯೂಟರ್ ಕಳಿಸುವಾಗ ಪಡೆಯುವವರಿಂದ ಒಂದಿಷ್ಟು ಶುಲ್ಕ ತಗೊಳ್ತಿತ್ತು. ಮೊದಲು ಓದಿದಾಗ ಜಿಪುಣತನ ಅನ್ನಿಸಿತ್ತು. ಯೋಚಿಸಿ ನೋಡಿದರೆ, ದುಡ್ಡು ಕೊಟ್ಟವನಿಗೆ ‘ಇದು ಬೇಡ, ಅದು ಕೊಡು’ ಅನ್ನೋ ಬಾಯಿ ಇರುತ್ತೆ. ಪುಕ್ಕಟೆ ಪಡೆದವನಿಗೆ ಶಾಲು ಹೊದಿಸೋದಷ್ಟೇ ಉಳಿಯೋದು.

ಕರೆಂಟಿನ ಮಾತು ಬಿಟ್ಟರೆ ನಮ್ಮ ಜಿಲ್ಲೆಯ ಕಥೆ ಪೂರ್ತಿ ಆಗಲ್ಲ. ಶಕ್ತಿನಗರದಲ್ಲಿ 1720 ಮೆಗಾವಾಟ್, ಯರಮರಸ್‌ನಲ್ಲಿ 1600 ಮೆಗಾವಾಟ್ ಸ್ಥಾಪಿತ ಸಾಮರ್ಥ್ಯ. ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟು ಓಡೋದರಲ್ಲಿ ನಮ್ಮ ಹಾರುಬೂದಿಯ ಪಾಲೂ ಇದೆ. ಶಾಲೆಯಲ್ಲಿ ಮಾತ್ರ ಓಲ್ಟೇಜ್ ಬಂದರೆ ಬಂತು. ಟಿಸಿ ಸುಟ್ಟರೆ ಹೊಸದು ಬರೋವರೆಗೆ ಕಾಯಬೇಕು. 2023ರ ನವೆಂಬರ್ 1ರಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಘೋಷಣೆಯಾಗಿದ್ದರಿಂದ ಬಿಲ್ಲಿನ ಭಯ ತಪ್ಪಿತು ಅನ್ನೋದು ನಿಜ. ಆದರೆ ಅರ್ಥಿಂಗ್? ಎಷ್ಟೋ ಹಳೇ ಶಾಲಾ ಕೋಣೆಗಳ ಪ್ಲಗ್ಗಿನಲ್ಲಿ ಮೂರನೇ ತೂತು ಬರೀ ಅಲಂಕಾರಕ್ಕೆ. ಉಪ್ಪು, ಇದ್ದಿಲು ತುಂಬಿ ಅರ್ಥಿಂಗ್ ಗುಂಡಿ ತೋಡಿಸಿದ ದಾನಿಯ ಫೋಟೋ ನಾನು ಲಿಂಕ್ಡ್‌ಇನ್‌ನಲ್ಲಿ ಇನ್ನೂ ನೋಡಿಲ್ಲ. ಗುಂಡಿ ಫೋಟೋಜೆನಿಕ್ ಅಲ್ಲ.

ದುಡ್ಡಿನ ಲೆಕ್ಕಕ್ಕೆ ಬರೋಣ, ನಾವು ಎಂಜಿನಿಯರುಗಳಲ್ವಾ. ಆ ನಲವತ್ತು ಲ್ಯಾಪ್‌ಟಾಪ್ ತಂದ ಟ್ರಿಪ್ಪಿನ ಖರ್ಚು, ಹನ್ನೆರಡು ಜನರ ಸ್ಲೀಪರ್ ಬಸ್ಸು, ಸಿಂಧನೂರಿನ ಲಾಡ್ಜು, ಟೆಂಪೋ, ಟೀ ಶರ್ಟು, ಫ್ಲೆಕ್ಸು ಎಲ್ಲಾ ಸೇರಿ ನನ್ನ ಅಂದಾಜಿಗೆ ಒಂದೂಕಾಲು ಲಕ್ಷ. ಅಷ್ಟರಲ್ಲಿ ಎಸ್‌ಪಿ ರೋಡಿನ ಅಂಗಡಿಯಿಂದ ಒಂದೇ ಮಾಡೆಲ್ಲಿನ, ಎಸ್‌ಎಸ್‌ಡಿ ಹಾಕಿದ, ಬಿಲ್ಲು ಗ್ಯಾರಂಟಿ ಇರುವ ಆರು ರಿಫರ್ಬಿಶ್ಡ್ ಡೆಸ್ಕ್‌ಟಾಪ್ ಬರ್ತಿದ್ದವು. ಒಂದೇ ಮಾಡೆಲ್ ಅಂದರೆ ಒಂದು ಸತ್ತರೆ ಅದರ ಅಂಗಾಂಗ ಐದಕ್ಕೆ ದಾನ. ಮಿಕ್ಕ ದುಡ್ಡಿನಲ್ಲಿ ಸಿಂಧನೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಡಿಪ್ಲೊಮಾ ಹುಡುಗನಿಗೆ ಒಂದೂವರೆ ವರ್ಷದ ಮಟ್ಟಿಗೆ ತಿಂಗಳಿಗೆರಡು ಸಲ ಶಾಲೆಗೆ ಹೋಗಿಬರುವ ಕರಾರು. ಅವನಿಗೆ ಸಂಪಾದನೆ, ಶಾಲೆಗೆ ಒಬ್ಬ ದಿಕ್ಕು. ಬೈಕಿನಲ್ಲಿ ಅರ್ಧ ಗಂಟೆಯ ದಾರಿ. ಲಿಬ್ರೆಆಫೀಸು, ಗ್ನೋಮ್ ಪರದೆ ಕನ್ನಡದಲ್ಲೂ ಸಿಗುತ್ತೆ, ಅದನ್ನೂ ವಾಲಂಟಿಯರ್‌ಗಳೇ ವರ್ಷಗಟ್ಟಲೆ ಕೂತು ಅನುವಾದಿಸಿದ್ದು. ಅವರಿಗೆ ಟೀ ಶರ್ಟ್ ಸಿಕ್ಕ ಸುದ್ದಿ ನನಗಿಲ್ಲ.

ನಾವು ಆಫೀಸಿನಲ್ಲಿ ಒಂದು ಸಣ್ಣ ಪ್ಯಾಚ್ ಲೈವ್ ಮಾಡಬೇಕಾದರೂ ಕೇಳ್ತೀವಿ: ಸಪೋರ್ಟ್ ಯಾರದು, ಕೆಟ್ಟರೆ ರಾತ್ರಿ ಫೋನ್ ಎತ್ತೋರು ಯಾರು, ಹಿಂದೆ ತಗೊಳ್ಳೋ ಪ್ಲಾನ್ ಏನು? ಉತ್ತರ ಇಲ್ಲದಿದ್ದರೆ ರಿಲೀಸ್ ನಿಲ್ಲಿಸ್ತೀವಿ. ಗ್ರಾಹಕ ಅಮೆರಿಕದಲ್ಲಿದ್ದಾಗ ನೆನಪಾಗೋ ಈ ಮೂರು ಪ್ರಶ್ನೆ, ಗ್ರಾಹಕ ಎಂಟನೇ ಕ್ಲಾಸಿನ ಹುಡುಗಿ ಆದಾಗ ಯಾಕೆ ಮರೆತುಹೋಗುತ್ತೆ?

ಈ ಚಳಿಗಾಲದಲ್ಲಿ ಇನ್ನೊಂದು ತಂಡ ಅರವತ್ತು ಲ್ಯಾಪ್‌ಟಾಪ್ ಹಿಡ್ಕೊಂಡು ನಮ್ಮ ಕಡೆ ಬರ್ತೀವಿ ಅಂದಿದೆ. ‘ಶಾಲೆ ತೋರಿಸಿ’ ಅಂತ ಮೇಲ್ ಬಂತು. ಶಾಲೆ ತೋರಿಸುವ ಮುಂಚೆ ನಾನು ಮೂರು ಷರತ್ತು ಬರೆದು ಕಳಿಸಿದೆ. ಒಂದು, ಡಿಸ್ಕ್ ಅಳಿಸಿ, ಲಿನಕ್ಸ್ ಹಾಕಿ, ಚಾರ್ಜರ್ ಸಮೇತ ಪ್ರತಿ ಯಂತ್ರವನ್ನೂ ಎರಡು ತಾಸು ಓಡಿಸಿ ನೋಡಿ, ಪಾಸಾದದ್ದನ್ನಷ್ಟೇ ತರಬೇಕು, ಅದು ಹನ್ನೆರಡೇ ಆದರೂ ಸರಿ. ಎರಡು, ಸಿಂಧನೂರಿನ ಹುಡುಗನ ಮೂರು ವರ್ಷದ ದುಡ್ಡನ್ನು ಮೊದಲೇ ಕಟ್ಟಬೇಕು. ಮೂರು, ಮೂರು ವರ್ಷದ ನಂತರ ಸತ್ತ ಯಂತ್ರಗಳನ್ನೆಲ್ಲ ತಮ್ಮ ಖರ್ಚಿನಲ್ಲಿ ವಾಪಸ್ ಒಯ್ದು ನೋಂದಾಯಿತ ರೀಸೈಕ್ಲರ್‌ಗೆ ಕೊಡ್ತೀವಿ ಅಂತ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಬೇಕು. ಹೆಡ್‌ಮಾಸ್ತರ್ರು ಪಟ್ಟಿ ಓದಿ, “ಹಿಂಗೆಲ್ಲಾ ಕೇಳಿದ್ರ ಅವರು ಬರೋದೇ ಬಿಟ್ಟಾರು ತಮ್ಮಾ” ಅಂದರು. ಬಿಡಲಿ ಸರ್ರ ಅಂದೆ.

ಬಿಟ್ಟಿಲ್ಲ. ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದಕ್ಕೆ ಒಂದು ವಾರ ಚೌಕಾಶಿ ಮಾಡಿ, ಟೀ ಶರ್ಟ್ ಕೈಬಿಟ್ಟು, ಎರಡು ವರ್ಷಕ್ಕೆ ಒಪ್ಪಿದರು. ಮೂರನೆಯದನ್ನು ಲೀಗಲ್ ಟೀಮ್ ನೋಡ್ತಿದೆಯಂತೆ.